ಹುಬ್ಬಳ್ಳಿಯ ಸ್ಲೀಪ್ ಲ್ಯಾಬ್: ಹಾಸಿಗೆ ಹೆಚ್ಚಿಸುವುದು ಮೊದಲೋ, ಸಿಬ್ಬಂದಿಯನ್ನು ತಯಾರು ಮಾಡುವುದು ಮೊದಲೋ?

ಪ್ರಶ್ನೆ: ಶ್ವಾಸಕೋಶ ತಜ್ಞೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ಹಾಸಿಗೆಗಳ ಸ್ಲೀಪ್ ಲ್ಯಾಬ್‌ನ ಜವಾಬ್ದಾರಿ ನನ್ನ ಮೇಲಿದೆ. ಜೋರು ಗೊರಕೆ, ನಿದ್ರೆಯಲ್ಲಿ ಉಸಿರು ನಿಂತುಹೋಗುವ ಸ್ಲೀಪ್ ಆಪ್ನಿಯಾ, ಹಗಲಿನ ತೂಕಡಿಕೆ, ಮೂರು ಬಗೆಯ ಮಾತ್ರೆ ನುಂಗಿದರೂ ಇಳಿಯದ ರಕ್ತದೊತ್ತಡ, ಇಂಥ ತೊಂದರೆಗಳಿಗಾಗಿ ಹುಬ್ಬಳ್ಳಿ-ಧಾರವಾಡದವರಲ್ಲದೆ ಗದಗ, ಲಕ್ಷ್ಮೇಶ್ವರ, ಹಾವೇರಿ, ರಾಣೆಬೆನ್ನೂರು ಕಡೆಯವರೂ ನಮ್ಮಲ್ಲಿಗೆ ಬರುತ್ತಾರೆ. ನಿದ್ರೆಯಲ್ಲಿ ಮೆದುಳಿನ ಅಲೆ, ಉಸಿರಾಟ, ಆಮ್ಲಜನಕ ದಾಖಲಿಸುವ ಪಾಲಿಸೋಮ್ನೋಗ್ರಫಿ ಪರೀಕ್ಷೆಯನ್ನು ರಾತ್ರಿಪೂರ್ತಿ ಮಾಡಿ, ಅಗತ್ಯವಿದ್ದವರಿಗೆ ಮಾಸ್ಕ್ ಮೂಲಕ ಗಾಳಿ ಊದಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರದ ಒತ್ತಡ ಹೊಂದಿಸಿ ಕಳಿಸುತ್ತೇವೆ.

ಈಗ ಆಡಳಿತ ಮಂಡಳಿಯವರು ಕೇಂದ್ರವನ್ನು ಬೆಳೆಸಬೇಕೆಂದು ಮನಸ್ಸು ಮಾಡಿದ್ದಾರೆ. ಮೂರನೆಯ ಹಾಸಿಗೆ, ಹೊಸ ಉಪಕರಣ, ಗದಗ ಮತ್ತು ಹಾವೇರಿಯಲ್ಲಿ ವಾರಕ್ಕೊಮ್ಮೆ ಹೊರರೋಗಿ ವಿಭಾಗ, ಜೊತೆಗೆ ಬಸ್ ನಿಲ್ದಾಣಗಳಲ್ಲಿ ಫಲಕಗಳು, ಇದು ಅವರ ಯೋಜನೆ. ಯೋಜನೆಗೆ ನನ್ನ ವಿರೋಧವಿಲ್ಲ. ಆದರೆ ಈಗಿರುವ ಎರಡು ಹಾಸಿಗೆಗಳಲ್ಲೇ ನನಗೆ ಸಮಾಧಾನವಿಲ್ಲದ ಸಂಗತಿಗಳು ಕೆಲವಿವೆ. ಕೆಲಸ ಚೆನ್ನಾಗಿ ಬಲ್ಲ ಟೆಕ್ನಿಷಿಯನ್ ಒಬ್ಬರೇ ಇದ್ದು, ಅವರು ರಜೆ ಹಾಕಿದರೆ ಲ್ಯಾಬಿಗೂ ರಜೆ. ಸಿಪ್ಯಾಪ್ ಖರೀದಿಸಿದವರಲ್ಲಿ ಬಹಳಷ್ಟು ಜನ ಒಂದೆರಡು ತಿಂಗಳಲ್ಲಿ ಅದನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ. ಸುತ್ತಲಿನ ಊರುಗಳ ವೈದ್ಯರು ದಪ್ಪ ಮೈಯ, ಗೊರಕೆ ಹೊಡೆಯುವ ನಡುವಯಸ್ಸಿನ ಗಂಡಸರನ್ನಷ್ಟೇ ಕಳಿಸುತ್ತಾರೆ. ಮುಟ್ಟು ನಿಂತ ಮೇಲೆ ಇದೇ ಕಾಯಿಲೆಗೆ ತುತ್ತಾಗಿ, ಬರಿಯ ಆಯಾಸ, ನಿದ್ರೆ ಬಾರದಿರುವುದು ಎಂದು ಹೇಳಿಕೊಳ್ಳುವ ಹೆಂಗಸರು ನಮ್ಮವರೆಗೆ ಬರುವುದೇ ಇಲ್ಲ.

ಕೈಯಲ್ಲಿರುವ ಹಣ ಸೀಮಿತವಾದದ್ದು. ಅದನ್ನು ಮೊದಲು ಯಾವುದಕ್ಕೆ ಹಾಕಿದರೆ ಕೇಂದ್ರವೂ ಉಳಿಯುತ್ತದೆ, ರೋಗಿಗೂ ಒಳಿತಾಗುತ್ತದೆ ಎಂಬುದನ್ನು ಈ ಕ್ಷೇತ್ರ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಸ್ಲೀಪ್ ಟೆಕ್ನಾಲಜಿಸ್ಟ್, ಊರು ಧಾರವಾಡ, ಸದ್ಯ ಬೆಂಗಳೂರು

ಮೇಡಂ, ನಮಸ್ಕಾರ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಹಾಕಿಕೊಟ್ಟಿರುವ ಮಾನದಂಡದಂತೆ, ರಾತ್ರಿ ಪಾಳಿಯಲ್ಲಿ ಒಬ್ಬ ಟೆಕ್ನಾಲಜಿಸ್ಟ್ ಸಾಮಾನ್ಯ ಸಂದರ್ಭದಲ್ಲಿ ಇಬ್ಬರು ರೋಗಿಗಳನ್ನು ನೋಡಿಕೊಳ್ಳಬಹುದು, ಅದಕ್ಕಿಂತ ಹೆಚ್ಚಲ್ಲ. ಹಾಗಾಗಿ ಮೂರನೆಯ ಹಾಸಿಗೆ ಹಾಕುವ ದಿನ ನಿಮಗೆ ಎರಡನೆಯ ತರಬೇತಾದ ವ್ಯಕ್ತಿ ಬೇಕೇ ಬೇಕು. ಹಾಸಿಗೆ ಒಂದು ವಾರದಲ್ಲಿ ಬರುತ್ತದೆ, ಮನುಷ್ಯ ತಯಾರಾಗಲು ಒಂದು ವರ್ಷ ಹಿಡಿಯುತ್ತದೆ. ಇಷ್ಟನ್ನು ಆಡಳಿತ ಮಂಡಳಿಯ ಮುಂದಿಟ್ಟರೆ ಯಾವುದು ಮೊದಲು ಎಂಬ ಚರ್ಚೆಗೆ ಅರ್ಧ ಉತ್ತರ ಸಿಕ್ಕಂತೆಯೇ.

ತರಬೇತಿ ಎಂದರೆ ಎರಡು ದಿನದ ಕಾರ್ಯಾಗಾರಕ್ಕೆ ಕಳಿಸಿ ಪ್ರಮಾಣಪತ್ರ ಗೋಡೆಗೆ ಹಾಕುವುದೆಂದು ಅನೇಕರು ತಿಳಿದಿದ್ದಾರೆ. ಕೆಲಸದ ಸೂಕ್ಷ್ಮ ಎಲ್ಲಿದೆ ಎನ್ನುವುದಕ್ಕೆ ನಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ಸಂಜೆ ಪರೀಕ್ಷೆಗೆಂದು ಬರುವ ಹೆಣ್ಣುಮಕ್ಕಳು ತಲೆತುಂಬ ಕೊಬ್ಬರಿ ಎಣ್ಣೆ ಹಚ್ಚಿ, ಬಿಗಿಯಾಗಿ ಹೆರಳು ಹಾಕಿಕೊಂಡು ಬಂದಿರುತ್ತಾರೆ. ಎಣ್ಣೆಯ ಮೇಲೆ ಮೆದುಳಿನ ಅಲೆ ಹಿಡಿಯುವ ಎಲೆಕ್ಟ್ರೋಡ್ ನಿಲ್ಲುವುದಿಲ್ಲ. ಹೊಸಬನಾದರೆ ಇನ್ನಷ್ಟು ಪೇಸ್ಟ್ ಮೆತ್ತಿ, ಮೇಲೆ ಟೇಪ್ ಅಂಟಿಸಿ ದೀಪ ಆರಿಸುತ್ತಾನೆ. ನಡುರಾತ್ರಿ ಅದು ಕಳಚಿ, ಮೆದುಳಿನ ಅಲೆಯ ದಾಖಲೆಯೇ ಹೋಗುತ್ತದೆ, ಇಲ್ಲವೆ ರೋಗಿಯನ್ನು ಎಬ್ಬಿಸಿ ಮತ್ತೆ ಹಚ್ಚಬೇಕಾಗುತ್ತದೆ. ಪಳಗಿದವನು ಹಿಂದಿನ ದಿನವೇ ಫೋನ್ ಮಾಡಿ, ಸೀಗೆಕಾಯಿ ಅಥವಾ ಶಾಂಪೂ ಹಾಕಿ ತಲೆ ತೊಳೆದುಕೊಂಡು ಎಣ್ಣೆ ಹಚ್ಚದೆ ಬನ್ನಿರೆಂದು ಹೇಳಿರುತ್ತಾನೆ. ಬಂದ ಮೇಲೆ ಅಳತೆ ಹಿಡಿದು ಗುರುತು ಹಾಕಿ, ಬಾಚಣಿಗೆಯ ತುದಿಯಿಂದ ಕೂದಲು ಸರಿಸಿ, ಆ ಜಾಗವನ್ನಷ್ಟೇ ಜೆಲ್‌ನಿಂದ ಉಜ್ಜಿ, ಎಲೆಕ್ಟ್ರೋಡಿನ ಇಂಪೀಡನ್ಸ್ (ವಿದ್ಯುತ್ ತಡೆ) 5 ಕಿಲೋಓಮ್‌ಗಿಂತ ಕೆಳಗಿದೆ ಎಂದು ನೋಡಿ ಬರೆದುಕೊಂಡ ನಂತರವೇ ಅವನು ದೀಪ ಆರಿಸುವುದು. ಇದನ್ನು ಪುಸ್ತಕ ಓದಿ ಕಲಿಯಲಾಗದು, ಬಲ್ಲವರ ಪಕ್ಕದಲ್ಲಿ ನಿಂತು ರಾತ್ರಿಗಳನ್ನು ಕಳೆಯಬೇಕು.

ಮುಂದಿನದು ಸ್ಕೋರಿಂಗ್, ಅಂದರೆ ದಾಖಲೆಯನ್ನು ಓದಿ ನಿದ್ರೆಯ ಹಂತಗಳನ್ನು ಗುರುತಿಸುವುದು. ಎಂಟು ಗಂಟೆಯ ದಾಖಲೆಯನ್ನು 30 ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿದರೆ 960 ತುಣುಕುಗಳಾಗುತ್ತವೆ. ಪ್ರತಿಯೊಂದಕ್ಕೂ ಎಚ್ಚರ, ಹಗುರ ನಿದ್ರೆಯ ಎನ್1, ಎನ್2, ಗಾಢ ನಿದ್ರೆಯ ಎನ್3 ಅಥವಾ ಕನಸಿನ ನಿದ್ರೆಯ ಆರ್.ಇ.ಎಂ. ಎಂಬ ಹಣೆಪಟ್ಟಿ ಬೀಳಬೇಕು. ಅಮೆರಿಕನ್ ಅಕಾಡೆಮಿಯ ಕಾರ್ಯಕ್ರಮದಲ್ಲಿ ಸಾವಿರಾರು ಸ್ಕೋರರ್‌ಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ ಒಟ್ಟಾರೆ ಹೊಂದಾಣಿಕೆ ಸುಮಾರು ಶೇ. 83, ಎನ್1 ಹಂತದಲ್ಲಿ ಅದು ಶೇ. 63ಕ್ಕೆ ಇಳಿಯುತ್ತದೆ. ನುರಿತವರ ಸ್ಥಿತಿಯೇ ಹೀಗಿರುವಾಗ, ಯಾರೂ ತಿದ್ದದೆ ಒಬ್ಬನೇ ವರ್ಷಗಟ್ಟಲೆ ಸ್ಕೋರ್ ಮಾಡುತ್ತ ಹೋದರೆ ಅವನ ಅಳತೆ ಗೊತ್ತಿಲ್ಲದಂತೆ ಜಾರುತ್ತ ಹೋಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಒಂದೇ ದಾಖಲೆಯನ್ನು ಟೆಕ್ನಿಷಿಯನ್ ಮತ್ತು ತಾವು ಬೇರೆ ಬೇರೆಯಾಗಿ ಸ್ಕೋರ್ ಮಾಡಿ, ವ್ಯತ್ಯಾಸ ಬಂದ ತುಣುಕುಗಳನ್ನು ಒಟ್ಟಿಗೆ ಕೂತು ನೋಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಆದರೂ ಮಾಡುವ ಕೇಂದ್ರಗಳು ಕಡಿಮೆ. ಉಸಿರು ಪೂರ್ತಿ ನಿಲ್ಲದೆ ಕುಗ್ಗುವ ಹೈಪಾಪ್ನಿಯಾವನ್ನು ಎಣಿಸಲು ಆಮ್ಲಜನಕದ ಇಳಿಕೆ ಶೇ. 3 ಹಿಡಿದಿರೋ ಶೇ. 4 ಹಿಡಿದಿರೋ ಎಂಬುದನ್ನೂ ವರದಿಯಲ್ಲಿ ಬರೆಯಿರಿ. ಒಂದೇ ರಾತ್ರಿಯ ದಾಖಲೆ ಒಂದು ನಿಯಮದಲ್ಲಿ ಮಧ್ಯಮ ಕಾಯಿಲೆಯಾಗಿ, ಇನ್ನೊಂದರಲ್ಲಿ ಸೌಮ್ಯವಾಗಿ ಕಾಣುವುದುಂಟು.

ಎರಡನೆಯ ವ್ಯಕ್ತಿಯಾಗಿ ರೆಸ್ಪಿರೇಟರಿ ಥೆರಪಿ ಅಥವಾ ಇ.ಇ.ಜಿ. ಹಿನ್ನೆಲೆಯವರನ್ನು ತೆಗೆದುಕೊಳ್ಳಿ. ಆರ್.ಪಿ.ಎಸ್.ಜಿ.ಟಿ. ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ ಶುಲ್ಕವನ್ನು ಆಸ್ಪತ್ರೆಯೇ ಭರಿಸಲಿ. ಪಾಸಾದವರಿಗೆ ಸಂಬಳದಲ್ಲಿ ಒಂದು ಮೆಟ್ಟಿಲು, ರಾತ್ರಿ ಪಾಳಿಯಲ್ಲಿ ಸ್ವಲ್ಪ ವಿನಾಯಿತಿ ಇರಲಿ. ಕಲಿತವರು ಬಿಟ್ಟುಹೋಗುತ್ತಾರೆಂಬ ಭಯದಿಂದ ಬಾಂಡ್ ಬರೆಸಿಕೊಳ್ಳುವುದು ನನಗೆ ಸರಿಕಾಣದು. ಮುಂದೆ ದಾರಿಯೇ ಇಲ್ಲದ ರಾತ್ರಿ ಕೆಲಸವನ್ನು ಜನ ಬಿಡುತ್ತಾರೆ, ದಾರಿ ಕಂಡರೆ ಉಳಿಯುತ್ತಾರೆ. ವೈದ್ಯರಿಗಾದರೆ ಇಂಡಿಯನ್ ಸೊಸೈಟಿ ಫಾರ್ ಸ್ಲೀಪ್ ರಿಸರ್ಚ್ ನಡೆಸುವ ನ್ಯಾಷನಲ್ ಸ್ಲೀಪ್ ಮೆಡಿಸಿನ್ ಕೋರ್ಸ್ ಇದೆ. ನಿಮ್ಮ ಜೊತೆ ಕಿವಿ-ಮೂಗು-ಗಂಟಲು ತಜ್ಞರನ್ನೋ ನರರೋಗ ತಜ್ಞರನ್ನೋ ಅದಕ್ಕೆ ಕರೆದೊಯ್ದರೆ ಕೇಂದ್ರಕ್ಕೆ ಇನ್ನೊಂದು ಹೆಗಲು ಸಿಗುತ್ತದೆ.

ಉತ್ತರ: ಫಿಜಿಷಿಯನ್, ಗದಗ

ಡಾಕ್ಟರ್ ಮೇಡಂ, ರೋಗಿಯನ್ನು ಕಳಿಸುವ ಕಡೆಯವನಾಗಿ ನಾನು ಎರಡು ಮಾತು ಹೇಳಬೇಕು. ನಮ್ಮಂಥ ಊರುಗಳಲ್ಲಿ ರೆಫರಲ್ ಬೆಳೆಯುವುದು ಫಲಕದಿಂದಲ್ಲ, ಕಳಿಸಿದ ರೋಗಿಯ ಬಗ್ಗೆ ಕಳಿಸಿದ ವೈದ್ಯನಿಗೆ ಬರುವ ಮರುಪತ್ರದಿಂದ. ಗ್ರಾಫುಗಳೇ ತುಂಬಿದ ಹನ್ನೆರಡು ಪುಟದ ವರದಿ ನನಗೆ ಅರ್ಥವಾಗುವುದಿಲ್ಲ ಎಂದು ಹೇಳಲು ಸಂಕೋಚವೇನೂ ಇಲ್ಲ. ಮೊದಲ ಪುಟದಲ್ಲೇ, ಗಂಟೆಗೆ ಎಷ್ಟು ಸಲ ಉಸಿರು ತಡೆದಿದೆ, ಅದು 5ರಿಂದ 15ರ ಸೌಮ್ಯ ಗುಂಪೋ, 15ರಿಂದ 30ರ ಮಧ್ಯಮವೋ, ಅದಕ್ಕೂ ಮೀರಿದ ತೀವ್ರವೋ, ಆಮ್ಲಜನಕ ಎಲ್ಲಿಯವರೆಗೆ ಇಳಿಯಿತು, ನಾನು ಕೊಡುತ್ತಿರುವ ನಿದ್ರೆ ಮಾತ್ರೆ ಮುಂದುವರಿಸಬೇಕೋ ನಿಲ್ಲಿಸಬೇಕೋ, ಮುಂದಿನ ಭೇಟಿ ಯಾವಾಗ ಎಂಬಷ್ಟನ್ನು ಐದಾರು ಸಾಲಿನಲ್ಲಿ ಬರೆದು ಕಳಿಸಿದರೆ, ಮರುವಾರ ಅಂಥದ್ದೇ ಇನ್ನೊಬ್ಬರನ್ನು ನೋಡಿದಾಗ ನಿಮ್ಮ ಕೇಂದ್ರದ ನೆನಪು ತಾನಾಗಿ ಬರುತ್ತದೆ.

ಶಿಕ್ಷಣದ ವಿಷಯದಲ್ಲಿಯೂ ಹಾಗೆಯೇ. ಹೋಟೆಲಿನ ಹಾಲ್‌ನಲ್ಲಿ ಉಪನ್ಯಾಸ, ನಂತರ ಊಟ, ಇದರಿಂದ ನಮ್ಮ ರೂಢಿ ಬದಲಾಗುವುದಿಲ್ಲ. ಅದರ ಬದಲು ನಾವೇ ಕಳಿಸಿದ ಇಬ್ಬರು ಮೂವರು ರೋಗಿಗಳ ಕಥೆಯನ್ನು ಹೆಸರು ಮರೆಮಾಡಿ ಇಟ್ಟುಕೊಂಡು, ಒಂದು ಗಂಟೆ ಕೂತು ಮಾತಾಡುವಂತಿದ್ದರೆ ನಾನು ಖಂಡಿತ ಬರುತ್ತೇನೆ. ಆ ಚರ್ಚೆಗೆ ಅರಿವಳಿಕೆ ತಜ್ಞರನ್ನು ಮರೆಯದೆ ಕರೆಯಿರಿ. ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಪಟ್ಟಿ ಹುಟ್ಟಿದ್ದೇ ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಗಾಗಿ. ಟೊರಾಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚುಂಗ್ ಮತ್ತು ಸಂಗಡಿಗರು ಅದನ್ನು 2008ರಲ್ಲಿ ಪ್ರಕಟಿಸಿದರು. ಗೊರಕೆ, ಆಯಾಸ, ಉಸಿರು ನಿಂತದ್ದನ್ನು ಮನೆಯವರು ಕಂಡಿದ್ದಾರೆಯೇ, ರಕ್ತದೊತ್ತಡ, ದೇಹತೂಕ, ವಯಸ್ಸು, ಕುತ್ತಿಗೆಯ ಸುತ್ತಳತೆ, ಲಿಂಗ, ಇಷ್ಟನ್ನು ಕೇಳಲು ಎರಡು ನಿಮಿಷ ಸಾಕು. ತಾವು ಹೇಳಿದ ನಡುವಯಸ್ಸಿನ ಹೆಂಗಸರು ಗರ್ಭಕೋಶದ ಅಥವಾ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆಂದು ಬಂದಾಗ ಬೇರೆ ಯಾರ ಕಣ್ಣಿಗೂ ಬೀಳದ ಕಾಯಿಲೆ ಅಲ್ಲಿ ಬೀಳಬಹುದು. ಆದರೆ ಹೆಣ್ಣು ಎಂಬ ಕಾರಣಕ್ಕೆ ಪಟ್ಟಿಯಲ್ಲಿ ಒಂದು ಅಂಕ ಮೊದಲೇ ಕಡಿಮೆಯಾಗುವುದರಿಂದ, ಅವರ ಸಂಖ್ಯೆ ಗಡಿಯಲ್ಲಿದ್ದಾಗಲೂ ಕಳಿಸಿ ಎಂದು ಸೇರಿಸಿ ಹೇಳುವುದು ಒಳ್ಳೆಯದು.

ಇಲ್ಲಿ ವಾರಕ್ಕೊಮ್ಮೆ ಹೊರರೋಗಿ ವಿಭಾಗ ಮಾಡುವುದಾದರೆ ಮನೆಯಲ್ಲೇ ಮಾಡುವ ಪರೀಕ್ಷೆಯ ಯಂತ್ರವೂ ಜೊತೆಗೆ ಬರಲಿ. ಹುಬ್ಬಳ್ಳಿ ನಮಗೆ ದೂರವೇನಲ್ಲ. ಆದರೂ ಮುಂಡರಗಿಯ ಆಚೆಯ ಹಳ್ಳಿಯ ರೈತ ಸುಗ್ಗಿಯಲ್ಲಿ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ ರಾತ್ರಿ ಉಳಿಯುವುದೆಂದರೆ ಎರಡು ದಿನದ ಕೆಲಸ ಕೆಟ್ಟಂತೆ. ಮನೆ ಪರೀಕ್ಷೆಯ ಮಿತಿಯನ್ನೂ ನಮಗೆ ಕಲಿಸಿ. ಅದರಲ್ಲಿ ಸಾಮಾನ್ಯವಾಗಿ ಮೆದುಳಿನ ಅಲೆ ದಾಖಲಾಗದ ಕಾರಣ ನಿದ್ರೆಯ ಅವಧಿಯ ಬದಲು ದಾಖಲೆಯ ಅವಧಿಯಿಂದ ಭಾಗಿಸುತ್ತಾರೆ. ಹೀಗಾಗಿ ಕಾಯಿಲೆ ಇದ್ದದ್ದಕ್ಕಿಂತ ಕಡಿಮೆಯಾಗಿ ಕಾಣಬಹುದು. ಲಕ್ಷಣ ಬಲವಾಗಿದ್ದು ಫಲಿತಾಂಶ ಸರಿಯಾಗಿದೆ ಎಂದು ಬಂದರೆ ಲ್ಯಾಬ್ ಪರೀಕ್ಷೆ ಆಗಲೇಬೇಕು. ಹೃದಯ ವೈಫಲ್ಯ, ತೀವ್ರ ಶ್ವಾಸಕೋಶದ ಕಾಯಿಲೆ, ಪಾರ್ಶ್ವವಾಯು ಇದ್ದವರನ್ನು ನೇರವಾಗಿ ಲ್ಯಾಬಿಗೇ ಕಳಿಸಬೇಕು.

ಉತ್ತರ: ಲಾರಿ ಮಾಲೀಕ, ರಾಣೆಬೆನ್ನೂರು

ಎಲ್ಲ ವೈದ್ಯರಿಗೂ ಶರಣು. ನಾನು ಸಿಪ್ಯಾಪ್ ಹಾಕಿಕೊಂಡು ಮಲಗುವವನು. ಮೊದಲು ನಾನೇ ಗಾಡಿ ಓಡಿಸುತ್ತಿದ್ದೆ, ಈಗ ನನ್ನ ಗಾಡಿಗಳನ್ನು ಬೇರೆಯವರು ಓಡಿಸುತ್ತಾರೆ. ಯಂತ್ರ ಅಟ್ಟಕ್ಕೆ ಏಕೆ ಹೋಗುತ್ತದೆ ಎಂದು ಮೇಡಂ ಕೇಳಿದ್ದಾರೆ. ಬಳಸುವವನ ಕಡೆಯಿಂದ ಹೇಳುತ್ತೇನೆ.

ನನಗೆ ಯಂತ್ರ ಕೊಟ್ಟವರು ಅಂಗಡಿಯವರು. ಬಾಕ್ಸ್ ತೆರೆದು, ಬಟನ್ ತೋರಿಸಿ, ಬಿಲ್ ಕೊಟ್ಟು ಹೋದರು. ನನ್ನದು ದಪ್ಪ ಮೀಸೆ. ಮೂಗು-ಬಾಯಿ ಮುಚ್ಚುವ ಮಾಸ್ಕ್‌ನಡಿಯಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತಿತ್ತು. ಪಟ್ಟಿ ಬಿಗಿ ಮಾಡಿದಷ್ಟೂ ಮೂಗಿನ ಮೇಲೆ ಗಾಯವಾಯಿತು. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಸಣ್ಣ ಮಾಸ್ಕ್ ಇದೆ ಎಂಬುದು ದವಾಖಾನೆಯ ಒಬ್ಬ ಸಿಸ್ಟರ್ ಹೇಳುವವರೆಗೂ ನನಗೆ ತಿಳಿದಿರಲಿಲ್ಲ. ಹಳ್ಳಿಯಲ್ಲಿ ಕರೆಂಟು ಹೋದಾಗ ಇನ್ವರ್ಟರ್ ಬೆಳಗಿನವರೆಗೆ ಬಾಳುತ್ತಿರಲಿಲ್ಲ. ನೀರು ಕಾಯಿಸುವ ಹ್ಯೂಮಿಡಿಫೈಯರ್ ಬಂದ್ ಮಾಡಿದರೆ ಯಂತ್ರ ಬಹಳ ಕಡಿಮೆ ಕರೆಂಟು ಎಳೆಯುತ್ತದೆ ಎಂದು ಅದೇ ಸಿಸ್ಟರ್ ತಿಳಿಸಿದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ನಿನಲ್ಲಿ ಗಾಡಿಯ ಕ್ಯಾಬಿನ್‌ವರೆಗೂ ಘಾಟು, ಧೂಳು ತುಂಬುತ್ತದೆ. ಆಗ ಫಿಲ್ಟರ್ ಬೇಗ ಬದಲಾಯಿಸಬೇಕಾಗುತ್ತದೆ. ಈ ಮೂರು ಮಾತು ಯಾರಾದರೂ ಮೊದಲ ವಾರದಲ್ಲೇ ಫೋನ್ ಮಾಡಿ ಹೇಳಿದ್ದರೆ ನನಗೆ ಅಷ್ಟು ತೊಂದರೆ ಆಗುತ್ತಿರಲಿಲ್ಲ.

ಇನ್ನು ಡ್ರೈವರ್‌ಗಳ ವಿಷಯ. ಅವರ ನಡುವೆ ಈ ಕಾಯಿಲೆ ಇದೆ, ಅದು ಅವರಿಗೂ ಗೊತ್ತು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಸುಕಿನ ಮೂರರಿಂದ ಐದರ ಹೊತ್ತು ಹೇಗಿರುತ್ತದೆ ಎಂದು ಓಡಿಸಿದವರೇ ಬಲ್ಲರು. ಆದರೆ ಕ್ಯಾಂಪಿಗೆ ಕರೆದು, ಎಲ್ಲರ ಮುಂದೆ, ಓಡಿಸುವಾಗ ನಿದ್ರೆ ಬರುತ್ತದೆಯೇ ಎಂದು ಕೇಳಿದರೆ ಯಾರೂ ಹೌದೆನ್ನುವುದಿಲ್ಲ. ಮಾಲೀಕನಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಅಂಜಿಕೆ ಅದು, ಮತ್ತು ಆ ಅಂಜಿಕೆ ಸುಳ್ಳೂ ಅಲ್ಲ. ಹೀಗಾಗಿ ನಮ್ಮಂಥ ಮಾಲೀಕರಿಗೆ ಮೊದಲು ತಿಳಿಸಿ ಹೇಳಿ. ಚಿಕಿತ್ಸೆ ತೆಗೆದುಕೊಂಡ ಡ್ರೈವರ್ ಬೇರೆಯವರಂತೆಯೇ ಓಡಿಸಬಲ್ಲ ಎಂಬುದು ಮಾಲೀಕನ ತಲೆಗೆ ಹೋದ ಮೇಲೆ ಡ್ರೈವರ್ ತಾನೇ ಬರುತ್ತಾನೆ.

ಉತ್ತರ: ಕ್ಲಿನಿಕಲ್ ಸೈಕಾಲಜಿಸ್ಟ್, ಧಾರವಾಡ

ಚರ್ಚೆಯೆಲ್ಲ ಉಸಿರಾಟದ ಸುತ್ತಲೇ ನಡೆದಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ನಿದ್ರೆ ಬಾರದವರ ಸಂಖ್ಯೆ ಗೊರಕೆಯವರಿಗಿಂತ ಕಡಿಮೆ ಏನಿಲ್ಲ, ಮತ್ತು ಅವರಲ್ಲಿ ಹೆಚ್ಚಿನವರಿಗೆ ರಾತ್ರಿಪೂರ್ತಿ ಲ್ಯಾಬ್ ಪರೀಕ್ಷೆಯೇ ಬೇಕಿಲ್ಲ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಸಿ.ಬಿ.ಟಿ.-ಐ ಎಂಬ ವರ್ತನಾ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2016ರಲ್ಲೇ ಶಿಫಾರಸು ಮಾಡಿದೆ. ಇದಕ್ಕೆ ಬೇಕಿರುವುದು ಒಂದು ಕೋಣೆ, ನಿದ್ರೆಯ ದಿನಚರಿಯ ಹಾಳೆ ಮತ್ತು ತರಬೇತಾದ ಒಬ್ಬ ಮನಶ್ಶಾಸ್ತ್ರಜ್ಞ. ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇರುವ ಧಾರವಾಡದಲ್ಲಿ ಅಂಥವರನ್ನು ಹುಡುಕುವುದು ಕಷ್ಟವಲ್ಲ. ಮೂರನೆಯ ಹಾಸಿಗೆಗಿಂತ ಕಡಿಮೆ ಖರ್ಚಿನಲ್ಲಿ ಆಗುವ ವಿಸ್ತರಣೆ ಇದು.

ಉತ್ತರ: ಆಸ್ಪತ್ರೆ ಆಡಳಿತಾಧಿಕಾರಿ, ಹುಬ್ಬಳ್ಳಿ

ಆಡಳಿತ ಮಂಡಳಿಗೆ ಅಂಕಿಗಳ ಭಾಷೆ ಬೇಕಾಗುತ್ತದೆ. ತಿಂಗಳಿಗೆ ಎಷ್ಟು ಪರೀಕ್ಷೆ ಆಯಿತು ಎಂಬ ಒಂದೇ ಅಂಕಿಯನ್ನು ಅವರ ಮುಂದಿಟ್ಟರೆ ಅವರು ಹಾಸಿಗೆಯನ್ನೇ ಕೇಳುತ್ತಾರೆ. ಅದರ ಪಕ್ಕದಲ್ಲಿ, ರೆಫರಲ್ ಬಂದ ದಿನದಿಂದ ವರದಿ ಕೈಸೇರುವವರೆಗೆ ಹಿಡಿದ ಕಾಲ, ಟೆಕ್ನಿಷಿಯನ್ ಇಲ್ಲದೆ ಲ್ಯಾಬ್ ಮುಚ್ಚಿದ ರಾತ್ರಿಗಳು, ಮತ್ತು ಮೂರು ತಿಂಗಳ ನಂತರವೂ ಯಂತ್ರ ಬಳಸುತ್ತಿರುವವರ ಪ್ರಮಾಣ, ಇವನ್ನೂ ಇಡಿ. ಬಳಕೆಗೆ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಅಳತೆಗೋಲು ಎಲ್ಲರಿಗೂ ಪರಿಚಿತವಾದದ್ದು: ಸತತ 30 ದಿನಗಳಲ್ಲಿ ಶೇ. 70ರಷ್ಟು ರಾತ್ರಿ ಕನಿಷ್ಠ 4 ಗಂಟೆ. ಬಳಕೆ ಏಕೆ ಮುಖ್ಯ ಎನ್ನುವುದಕ್ಕೆ 2016ರಲ್ಲಿ ಪ್ರಕಟವಾದ ಸೇವ್ ಅಧ್ಯಯನ ನೋಡಿ. ಮೊದಲೇ ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇದ್ದ ಎರಡೂವರೆ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಆದರೆ ಅದರಲ್ಲಿ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ ಮಾತ್ರವಿತ್ತು. ಕಡಿಮೆ ಬಳಕೆಯೇ ಅದಕ್ಕೆ ಕಾರಣವೋ ಎಂಬ ಚರ್ಚೆ ಮುಂದುವರಿದಿದೆ. ಹೃದಯ ಉಳಿಸುತ್ತೇವೆಂದು ಜಾಹೀರಾತಿನಲ್ಲಿ ಬರೆಯಬಾರದು. ಹಗಲಿನ ತೂಕಡಿಕೆ ಕಡಿಮೆಯಾಗುತ್ತದೆ ಎಂದು ಧೈರ್ಯವಾಗಿ ಹೇಳಬಹುದು.

ಇನ್ನೊಂದು ವಿಷಯವನ್ನು ಖಂಡಿತವಾಗಿ ಹೇಳುತ್ತೇನೆ. ಯಂತ್ರ ಮಾರುವವರಿಂದ ಕೇಂದ್ರಕ್ಕೆ, ಕೇಂದ್ರದಿಂದ ರೋಗಿ ಕಳಿಸಿದ ವೈದ್ಯರಿಗೆ ಕಮಿಷನ್ ಹರಿಯುವ ದಾರಿಯನ್ನು ಮೊದಲ ದಿನವೇ ಮುಚ್ಚಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆಯ ನಿಯಮಗಳಲ್ಲಿ ಅದು ಸ್ಪಷ್ಟವಾಗಿ ನಿಷಿದ್ಧ. ಒಮ್ಮೆ ಶುರುವಾದರೆ ಯಾರಿಗೆ ಯಂತ್ರ ಬೇಕು ಎಂಬ ನಿರ್ಧಾರವೇ ವಾಲುತ್ತದೆ. ಗದಗ, ಹಾವೇರಿಯ ಹೊರರೋಗಿ ವಿಭಾಗಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ಏನೇನು ನೋಂದಣಿ ಬೇಕು ಎಂಬುದನ್ನು ಆಯಾ ಜಿಲ್ಲೆಯ ನೋಂದಣಿ ಪ್ರಾಧಿಕಾರದಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಿ. ಚಾಲಕರ ಮಾತಿಗೆ ಬಂದರೆ, ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ಎರಡೂ ಹುಬ್ಬಳ್ಳಿಯಲ್ಲೇ ಇವೆ. ಆದರೆ ಚಾಲಕನ ವರದಿ ಯಾರ ಕೈಗೆ ಹೋಗಬೇಕು, ಯಾರ ಕೈಗೆ ಹೋಗಬಾರದು ಎಂಬುದು ಲಿಖಿತವಾಗಿ ತೀರ್ಮಾನವಾಗುವ ಮೊದಲು ಅಂಥ ಸಂಸ್ಥೆಗಳ ಬಾಗಿಲು ತಟ್ಟಬೇಡಿ. ರಾಣೆಬೆನ್ನೂರಿನವರು ಹೇಳಿದ ಅಂಜಿಕೆ ಎಲ್ಲ ಕಡೆಯೂ ಇದೆ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞಳು. ಮೂರನೆಯ ಹಾಸಿಗೆಯನ್ನು ಸದ್ಯಕ್ಕೆ ಮುಂದೂಡಿ, ಆ ಹಣದಲ್ಲಿ ಎರಡನೆಯ ಟೆಕ್ನಿಷಿಯನ್ ನೇಮಕ, ಗದಗದಲ್ಲಿ ಮನೆ ಪರೀಕ್ಷೆಯ ಎರಡು ಯಂತ್ರ ಮತ್ತು ಸಿಪ್ಯಾಪ್ ಬಳಸುವವರಿಗೆಂದೇ ಹಗಲಿನ ಕ್ಲಿನಿಕ್ ಎಂದು ಪ್ರಸ್ತಾಪ ಬರೆಯುತ್ತಿದ್ದೇನೆ. ಧಾರವಾಡದ ಟೆಕ್ನಾಲಜಿಸ್ಟ್ ಅವರಲ್ಲಿ ಒಂದು ಪ್ರಶ್ನೆ: ಹಗಲಿನ ಕ್ಲಿನಿಕ್ಕನ್ನು ಟೆಕ್ನಿಷಿಯನ್ನರೇ ನಡೆಸಬಹುದೇ, ಬೇರೆಯವರು ಬೇಕೇ?

ಉತ್ತರ: ಸ್ಲೀಪ್ ಟೆಕ್ನಾಲಜಿಸ್ಟ್, ಊರು ಧಾರವಾಡ, ಸದ್ಯ ಬೆಂಗಳೂರು

ಮೇಡಂ, ರಾತ್ರಿ ಪಾಳಿ ಮುಗಿಸಿದವರನ್ನು ಮುಂಜಾನೆ ಹತ್ತಕ್ಕೆ ಕ್ಲಿನಿಕ್ಕಿನಲ್ಲಿ ಕೂರಿಸಬೇಡಿ. ನಿದ್ರೆಯ ಕಾಯಿಲೆ ನೋಡುವ ಕಡೆಯೇ ಸಿಬ್ಬಂದಿಯ ನಿದ್ರೆ ಕೆಡಿಸುವುದು ಸಲ್ಲದು. ನಿಮ್ಮಲ್ಲಿರುವ ಒಬ್ಬ ಸ್ಟಾಫ್ ನರ್ಸ್ ಅಥವಾ ರೆಸ್ಪಿರೇಟರಿ ಥೆರಪಿಸ್ಟ್ ಅವರನ್ನು ಆರಿಸಿ, ಮೂರ್ನಾಲ್ಕು ಬಗೆಯ ಮಾಸ್ಕ್‌ಗಳನ್ನು ಬೇರೆ ಬೇರೆ ಅಳತೆಯಲ್ಲಿ ಅವರ ಕೈಗೆ ಕೊಡಿ. ಮಾಸ್ಕ್ ಹೊಂದಿಸುವಾಗ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ನೋಡಿದರೆ ಸಾಲದು. ಮಂಚದ ಮೇಲೆ ಮಲಗಿಸಿ, ಯಂತ್ರವನ್ನು ಅವರಿಗೆ ಬರೆದ ಒತ್ತಡಕ್ಕೇ ಇಟ್ಟು, ಎಡಕ್ಕೆ ಬಲಕ್ಕೆ ಹೊರಳಲು ಹೇಳಿ ಸೋರಿಕೆ ನೋಡಬೇಕು, ಏಕೆಂದರೆ ಮಲಗಿದಾಗ ಮುಖದ ಆಕಾರ ಬದಲಾಗುತ್ತದೆ. ಮನೆಗೆ ಹೋದ ಮೂರನೆಯ ದಿನ ಒಂದು ಫೋನ್, ವಾರದ ಕೊನೆಗೆ ಇನ್ನೊಂದು. ಬಳಸಿದ ಗಂಟೆ, ಸೋರಿಕೆ, ಯಂತ್ರ ತೋರಿಸುವ ಉಳಿಕೆ ಎ.ಎಚ್.ಐ. (ಯಂತ್ರ ಹಾಕಿದ ಮೇಲೂ ಗಂಟೆಗೆ ಎಷ್ಟು ಸಲ ಉಸಿರು ನಿಂತಿದೆ ಅಥವಾ ಕುಗ್ಗಿದೆ ಎಂಬ ಸಂಖ್ಯೆ), ಈ ಮೂರನ್ನು ಒಂದು ವಹಿಯಲ್ಲಿ ಬರೆದಿಡಲಿ. ಉಳಿಕೆ ಎ.ಎಚ್.ಐ. 5ರ ಮೇಲೆಯೇ ನಿಂತಿದ್ದರೆ ಮೊದಲು ಸೋರಿಕೆಯ ಅಂಕಣ ನೋಡಿ, ಅದು ಸರಿಯಿದ್ದರೆ ಮಾತ್ರ ಒತ್ತಡ ಬದಲಿಸುವ ಮಾತನ್ನು ತಮ್ಮ ಹತ್ತಿರ ತರಲಿ.